ಸ್ಪಷ್ಟನೆ: ಫೈಲಿನಲ್ಲಿ ಸಂಖ್ಯೆ ತಿದ್ದಿದರೆ ಟೋಕನ್ ಆಯಸ್ಸು ಹೆಚ್ಚುವುದಿಲ್ಲ

ಮೈಸೂರಿನ ಪೈಥಾನ್ ಕಲಿಯುವವರ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಟೋಕನ್ ಫೈಲಿನ ‘ಎಕ್ಸ್‌ಪೈರ್ಸ್_ಇನ್’ 3600 ಇದ್ದದ್ದನ್ನು 86400 ಮಾಡಿ, ದಿನವಿಡೀ ಎಪಿಐ ನಡೆಯುತ್ತದೆ." ಇದು ತಪ್ಪು. ಟೋಕನ್ ಎಂದರೆ ಎಪಿಐ (ಒಂದು ಸೇವೆಯೊಂದಿಗೆ ಪ್ರೋಗ್ರಾಂ ಮಾತಾಡುವ ದಾರಿ) ಬಳಸಲು ಸರ್ವರ್ ಕೊಡುವ ತಾತ್ಕಾಲಿಕ ಅನುಮತಿ ಚೀಟಿ; ‘ಎಕ್ಸ್‌ಪೈರ್ಸ್_ಇನ್’ ಅದರ ಆಯಸ್ಸು, ಸೆಕೆಂಡುಗಳಲ್ಲಿ. ಆ ಸಂಖ್ಯೆ ಸರ್ವರ್ ತಿಳಿಸಿದ ಮಾಹಿತಿ ಅಷ್ಟೇ. ಅವಧಿ ತೀರ್ಮಾನವಾಗುವುದು ಸರ್ವರ್‌ನಲ್ಲೇ. ತಿದ್ದಿದರೆ ತೊಂದರೆಯೇ ಹೆಚ್ಚು: ಟೋಕನ್ ಇನ್ನೂ ಚಾಲ್ತಿಯಲ್ಲಿದೆ ಎಂದುಕೊಂಡು ಪ್ರೋಗ್ರಾಂ ಹೊಸದನ್ನು ಕೇಳುವುದೇ ಇಲ್ಲ, ಗಂಟೆ ಕಳೆದ ಮೇಲೆ 401 (ಟೋಕನ್ ಒಪ್ಪುವುದಿಲ್ಲ ಎಂಬ ದೋಷ) ಬರತೊಡಗುತ್ತದೆ.

ಸರಿಯಾದ ದಾರಿ ಇಂಥ ಟೋಕನ್‌ಗಳ ನಿಯಮ ಹೇಳುವ ಒಆಥ್ 2.0 ದಾಖಲೆಯಲ್ಲಿ, ಅಂದರೆ 2012ರ ಆರ್‌ಎಫ್‌ಸಿ 6749ರ 6ನೇ ವಿಭಾಗದಲ್ಲಿದೆ. ಟೋಕನ್ ವಿಳಾಸಕ್ಕೆ ಪೋಸ್ಟ್ ಮಾಡಿ: ‘ಗ್ರಾಂಟ್_ಟೈಪ್’ ಎಂಬಲ್ಲಿ ‘ರಿಫ್ರೆಶ್_ಟೋಕನ್’, ಜೊತೆಗೆ ನಿಮ್ಮ ರಿಫ್ರೆಶ್ ಟೋಕನ್ (ಹೊಸ ಟೋಕನ್ ಕೇಳಲೆಂದೇ ಸರ್ವರ್ ಕೊಟ್ಟಿರುವ ಇನ್ನೊಂದು ಟೋಕನ್), ಕ್ಲೈಂಟ್ ಐಡಿ, ಸೀಕ್ರೆಟ್ (ನಿಮ್ಮ ಪ್ರೋಗ್ರಾಂನ ಗುರುತು ಮತ್ತು ಗುಟ್ಟಿನ ಪದ). ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ‘ಡೇಟಾ=’ ಬಳಸಿ, ‘ಜೇಸನ್=’ ಬೇಡ; ನಿಯಮ ಕೇಳುವುದು ಫಾರ್ಮ್ ರೂಪವನ್ನು. ಅವಧಿ ಮುಗಿಯಲು 60 ಸೆಕೆಂಡ್ ಇರುವಾಗಲೇ ಹೊಸದನ್ನು ಪಡೆದುಕೊಳ್ಳುವುದು ಕ್ಷೇಮ.

ಬಹಳ ಜನ ಎಡವುವುದು ಇಲ್ಲಿ: ಉತ್ತರದಲ್ಲಿ ಹೊಸ ರಿಫ್ರೆಶ್ ಟೋಕನ್ ಬಂದರೆ ಅದನ್ನೇ ಉಳಿಸಿಕೊಳ್ಳಿ, ಬರದಿದ್ದರೆ ಹಳೆಯದನ್ನು ಅಳಿಸಬೇಡಿ, ಅದರ ಜಾಗಕ್ಕೆ ‘ನನ್’ (None, ಪೈಥಾನ್‌ನಲ್ಲಿ ಏನೂ ಇಲ್ಲ ಎಂಬ ಮೌಲ್ಯ) ಬರೆದುಬಿಟ್ಟರೆ ಮುಂದಿನ ಸಲ ದಾರಿಯೇ ಇರುವುದಿಲ್ಲ. ರಿಫ್ರೆಶ್ ಟೋಕನ್ನೇ ರದ್ದಾಗಿ ‘ಇನ್‌ವ್ಯಾಲಿಡ್_ಗ್ರಾಂಟ್’ ಬಂದರೆ ಬಳಕೆದಾರರಿಂದ ಮತ್ತೆ ಒಪ್ಪಿಗೆ ಪಡೆಯಬೇಕು.

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.