ಒಂದೇ ಕಿವಿಯಲ್ಲಿ ಕೇಳಿದ ಅರವತ್ತರ ದಶಕ

ನನ್ನ ಹದಿಹರೆಯದಲ್ಲಿ ನನ್ನ ಬಳಿಯಿದ್ದ ಹೆಡ್‌ಫೋನಿನ ಒಂದು ಬದಿ ಕೆಟ್ಟುಹೋಗಿತ್ತು. ಹೊಸದನ್ನು ಕೊಳ್ಳುವ ಅನುಕೂಲವಿರಲಿಲ್ಲವಾದ್ದರಿಂದ ಅಣ್ಣ ಬಿಟ್ಟುಹೋಗಿದ್ದ, ಇಂಗ್ಲೆಂಡಿನ ಬೀಟಲ್ಸ್ ತಂಡದ ಕ್ಯಾಸೆಟ್ಟುಗಳನ್ನು ತಿಂಗಳುಗಟ್ಟಲೆ ಎಡಗಿವಿಯೊಂದರಲ್ಲೇ ಕೇಳಿದೆ. ಆ ಕಾಲದ ಹಲವು ಸ್ಟೀರಿಯೊ ಮುದ್ರಣಗಳಲ್ಲಿ ವಾದ್ಯಗಳನ್ನು ಒಂದು ಬದಿಗೂ ಗಾಯನವನ್ನು ಇನ್ನೊಂದು ಬದಿಗೂ ಸರಿಸಿರುತ್ತಿದ್ದರು. ಹೀಗಾಗಿ ಕೆಲವು ಹಾಡುಗಳು ನನಗೆ ಮೊದಲು ಒದಗಿದ್ದು ಹಾಡುವವರೇ ಇಲ್ಲದೆ. ಆ ತಂಡದ ಪಾಲ್ ಮೆಕಾರ್ಟ್ನಿಯವರ ಬೇಸ್ ಗಿಟಾರ್, ಅಂದರೆ ಮಂದ್ರ ಸ್ವರಗಳ ಗಿಟಾರ್, ಕೇವಲ ತಾಳಕ್ಕೆ ಒತ್ತಾಸೆಯಾಗಿ ನಿಲ್ಲದೆ, ಹಾಡಿನ ಅಡಿಯಲ್ಲಿ ತನ್ನದೇ ಇನ್ನೊಂದು ಹಾಡನ್ನು ಕಟ್ಟುತ್ತಾ ಹೋಗುತ್ತದೆಂದು ನನಗೆ ತಿಳಿದದ್ದು ಆ ಕೆಟ್ಟ ಹೆಡ್‌ಫೋನಿನಿಂದ.

ಅರವತ್ತರ ದಶಕದ ಕೊನೆಯ ವರ್ಷಗಳೆಂದರೆ ಬಹಳ ಜನರಿಗೆ ನೆನಪಾಗುವುದು 1969ರಲ್ಲಿ ಅಮೆರಿಕದಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವ, ಅಲ್ಲಿ ನೆರೆದ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ, ಉದ್ದ ಕೂದಲು, ಶಾಂತಿಯ ಘೋಷಣೆಗಳು. ಅವೆಲ್ಲ ಇತಿಹಾಸಕ್ಕೆ ಸೇರಿದವು. ಇಂದಿಗೂ ನಮ್ಮ ಕಿವಿಯೊಳಗೆ ಬದುಕಿರುವುದು ಬೇರೆಯೇ ಒಂದು ಬದಲಾವಣೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಅಲ್ಲಿಯವರೆಗೆ ಧ್ವನಿಮುದ್ರಿಕೆಯೆಂದರೆ ಹೆಚ್ಚಾಗಿ ಸಂಗೀತ ಕಛೇರಿಯೊಂದರ ಪ್ರತಿಯಾಗಿತ್ತು. ಆಮೇಲೆ ಮುದ್ರಿಕೆಯೇ ಕೃತಿಯಾಯಿತು.

1966ರ ಆಗಸ್ಟಿನಲ್ಲಿ ಬೀಟಲ್ಸ್ ಊರೂರು ಸುತ್ತಿ ಹಾಡುವುದನ್ನು ನಿಲ್ಲಿಸಿದರು. ವೇದಿಕೆಯ ಮೇಲೆ ನುಡಿಸಿ ತೋರಿಸುವ ಹಂಗು ತಪ್ಪಿದ ಮೇಲೆ, ನುಡಿಸಲಾಗದ್ದನ್ನೂ ಮುದ್ರಿಸುವ ಧೈರ್ಯ ಬಂತು. 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿಗೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಗೆ ಲಂಡನ್ನಿನ ಸ್ಟುಡಿಯೊದಲ್ಲಿ ಒದಗಿದ್ದು ನಾಲ್ಕು ಟ್ರ್ಯಾಕಿನ, ಅಂದರೆ ಧ್ವನಿಗಳನ್ನು ನಾಲ್ಕು ಪ್ರತ್ಯೇಕ ಸಾಲುಗಳಲ್ಲಿ ಮುದ್ರಿಸುವ, ಟೇಪ್ ಯಂತ್ರಗಳು. ನಾಲ್ಕೂ ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಯಂತ್ರಕ್ಕೆ ಇಳಿಸಿ, ಉಳಿದ ಜಾಗದಲ್ಲಿ ಮತ್ತೆ ಧ್ವನಿ ಸೇರಿಸಬೇಕಿತ್ತು. ಒಮ್ಮೆ ಬೆರೆಸಿದ್ದನ್ನು ಬೇರ್ಪಡಿಸುವಂತಿಲ್ಲವಾದ್ದರಿಂದ ಪ್ರತಿ ಹೆಜ್ಜೆಯಲ್ಲೂ ತೀರ್ಮಾನ ಬೇಕಿತ್ತು. ಆ ಆಲ್ಬಮ್ಮಿನ ಕೊನೆಯ ಹಾಡು ಮುಗಿಯುವುದು ಹಲವು ಪಿಯಾನೊಗಳ ಮೇಲೆ ಒಟ್ಟಿಗೇ ಬಿದ್ದ ಒಂದೇ ಒಂದು ಪೆಟ್ಟಿನಿಂದ. ನಾದ ಕ್ಷೀಣಿಸುತ್ತಾ ಹೋದಂತೆ ಮುದ್ರಣದ ಮಟ್ಟವನ್ನು ಏರಿಸುತ್ತಾ, ಅದನ್ನು ನಲವತ್ತು ಸೆಕೆಂಡಿಗೂ ಹೆಚ್ಚು ಕಾಲ ಹಿಡಿದಿಟ್ಟರು. ಕೊನೆಯಲ್ಲಿ ಗಮನವಿಟ್ಟು ಕೇಳಿದರೆ ಕುರ್ಚಿಯೊಂದು ಕಿರುಗುಟ್ಟುವುದೂ ಕೇಳಿಸುತ್ತದೆ. ನನಗೆ ಆ ಕಿರುಗು ಬಹಳ ಪ್ರಿಯ. ಉಸಿರು ಬಿಗಿಹಿಡಿದು ಕುಳಿತ ಮನುಷ್ಯರು ಆ ಕೋಣೆಯಲ್ಲಿದ್ದರೆಂಬುದನ್ನು ಅದು ಹೇಳುತ್ತದೆ.

ಇಂಥ ಮನುಷ್ಯರ ಹೆಸರುಗಳ ವಿಚಾರದಲ್ಲಿ ಮಾತ್ರ ನನಗೆ ಇನ್ನೂ ಸಮಾಧಾನವಿಲ್ಲ. ಅಮೆರಿಕದ ಡೆಟ್ರಾಯಿಟಿನ ಮೋಟೌನ್ ಧ್ವನಿಮುದ್ರಿಕೆ ಸಂಸ್ಥೆಯ ಎಷ್ಟೋ ಜನಪ್ರಿಯ ಹಾಡುಗಳಲ್ಲಿ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದ ಅವರ ಹೆಸರು ಆ ವರ್ಷಗಳ ಮುದ್ರಿಕೆಗಳ ಮೇಲೆ ಇರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ ಆಲ್ಬಮ್ಮಿನ ಹೊದಿಕೆಯ ಮೇಲೆ ಅದು ಅಚ್ಚಾಗುವ ಹೊತ್ತಿಗೆ, ಜನ ಹತ್ತು ವರ್ಷ ಅವರ ಬೆರಳಿನ ಲಯಕ್ಕೆ ಕುಣಿದಿದ್ದರು.

ಇದಕ್ಕಿಂತ ಹೆಚ್ಚು ಕಾಡುವುದು ಗ್ರೆಗರಿ ಕೋಲ್ಮನ್ ಅವರ ಕತೆ. 1969ರಲ್ಲಿ ‘ದಿ ವಿನ್‌ಸ್ಟನ್ಸ್’ ತಂಡ ತನ್ನ ಜನಪ್ರಿಯ ಹಾಡಿನ ತಟ್ಟೆಯ ಹಿಂಬದಿಗೆಂದು ‘ಆಮೆನ್, ಬ್ರದರ್’ ಎಂಬ ವಾದ್ಯಸಂಗೀತವನ್ನು ಮುದ್ರಿಸಿತು. ನಡುವೆ ಉಳಿದವರೆಲ್ಲ ನಿಂತು, ಕೋಲ್ಮನ್ ಒಬ್ಬರೇ ನಾಲ್ಕು ಆವರ್ತ ಡ್ರಮ್ ಬಾರಿಸುತ್ತಾರೆ. ಸುಮಾರು ಏಳು ಸೆಕೆಂಡು. ಎಂಬತ್ತರ ದಶಕದಲ್ಲಿ ಹಳೆಯ ಮುದ್ರಿಕೆಯ ತುಣುಕನ್ನು ಹಿಡಿದಿಟ್ಟು ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರಗಳು ಬಂದ ಮೇಲೆ ಆ ತುಣುಕನ್ನು ಕತ್ತರಿಸಿ, ವೇಗ ಹೆಚ್ಚಿಸಿ, ತಿರುಗಿಸಿ ಮುರುಗಿಸಿ ಸಾವಿರಾರು ಹಾಡುಗಳಲ್ಲಿ ಬಳಸಿದರು. ಹಿಪ್‌ಹಾಪಿನ ಎಷ್ಟೋ ಹಾಡುಗಳು ಅದಕ್ಕೆ ಋಣಿ. ‘ಜಂಗಲ್’ ಎಂಬ ವೇಗದ ಎಲೆಕ್ಟ್ರಾನಿಕ್ ನೃತ್ಯಸಂಗೀತ ಪ್ರಕಾರವಂತೂ ಅದರ ಮೇಲೆಯೇ ನಿಂತಿದೆ. ಕೋಲ್ಮನ್ 2006ರಲ್ಲಿ ತೀರಿಕೊಂಡರು. ಆ ಬಳಕೆಗೆ ಅವರಿಗೆ ರಾಯಧನ ಸಿಗಲಿಲ್ಲ.

ಮೊನ್ನೆ ಮಗಳು ಕೇಳುತ್ತಿದ್ದ ಹೊಚ್ಚಹೊಸ ಹಾಡೊಂದರಲ್ಲಿ ಅದೇ ಡ್ರಮ್ ಕೇಳಿಸಿತು. ಮೂಲವನ್ನು ಹುಡುಕಿ ಹಾಕಿ, ಮೂರನೆಯ ಆವರ್ತದಲ್ಲಿ ಒಂದು ಪೆಟ್ಟು ತುಸು ತಡವಾಗಿ ಬೀಳುತ್ತದೆ, ನಾಲ್ಕನೆಯದರಲ್ಲಿ ಮೊದಲ ಪೆಟ್ಟೇ ಬೀಳುವುದಿಲ್ಲ ಎಂದು ಹೇಳಿದೆ. ಅವಳು ಮೂರು ಬಾರಿ ಹಿಂದಕ್ಕೆ ಹಾಕಿ ಕೇಳಿದಳು. ನಾಲ್ಕನೆಯ ಬಾರಿ, ಆ ಖಾಲಿ ಜಾಗ ಬಂದಾಗ, ಅವಳ ಬೆರಳು ಮೇಜಿನ ಮೇಲೆ ತಟ್ಟದೆ ಗಾಳಿಯಲ್ಲೇ ನಿಂತಿತು.