ಕೆಂಪು ಬೊಟ್ಟು

ನನ್ನ ಷಡ್ಡಕ 2009ರಲ್ಲಿ ಆನ್‌ಸೈಟ್ ಮುಗಿಸಿಕೊಂಡು ಜರ್ಮನಿಯಿಂದ ಬಂದ. ನಮಗೆಲ್ಲ ಚಾಕೊಲೇಟು. ತನಗೆ ಒಂದು ಕ್ಯಾಮೆರಾ, ಲೈಕಾ ಡಿ-ಲಕ್ಸ್ 4. ಅಂಗೈಯಲ್ಲಿ ಹಿಡಿಸುವಷ್ಟು, ಕಪ್ಪು ಬಣ್ಣ, ಮುಂದುಗಡೆ ಕಡಲೆಕಾಳಿನಷ್ಟು ಕೆಂಪು ಬೊಟ್ಟು, ಲೈಕಾ ಅನ್ನುವ ಜರ್ಮನ್ ಕಂಪನಿಯ ಗುರುತು. ಅವನು ಅದನ್ನು ಸೋಫಾ ಮೇಲೆ ಇಟ್ಟ ರೀತಿ ನೋಡಿ ನನ್ನ ಹೆಂಡತಿ ಪಕ್ಕದಲ್ಲಿ ಆಡುತ್ತಿದ್ದ ಮಗುವನ್ನೇ ಎತ್ತಿಕೊಂಡು ಒಳಗೆ ಹೋದಳು.

ನಾನು ಸುಮ್ನೆ ಇರಬೇಕಿತ್ತು. ಬೀರು ತೆಗೆದು ನನ್ನ ಪ್ಯಾನಾಸೋನಿಕ್ ಎಲ್‌ಎಕ್ಸ್3 ತಂದು ಅದರ ಪಕ್ಕದಲ್ಲೇ ಇಟ್ಟೆ.

"ಎರಡೂ ಒಂದೇ ಥರ ಇದೆಯಲ್ಲ" ಅಂದಳು ಹೆಂಡತಿ, ಬಾಗಿಲಿನಿಂದಲೇ.

ಬೆಳ್ಳಿ ಲೋಟಕ್ಕೂ ಸ್ಟೀಲ್ ಲೋಟಕ್ಕೂ ಏನು ವ್ಯತ್ಯಾಸ ಅಂತ ಕೇಳಿದವರನ್ನು ನೋಡುವ ಹಾಗೆ ಷಡ್ಡಕ ಅವಳನ್ನು ನೋಡಿದ.

ಅವಳು ಹೇಳಿದ್ದರಲ್ಲೂ ಒಂದು ತಪ್ಪಿತ್ತು. ಒಂದೇ ಥರ ಅಲ್ಲ, ಎರಡೂ ಒಂದೇ. 2008ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಬಂದ ಇವೆರಡನ್ನೂ ತಯಾರಿಸಿದ್ದು ಪ್ಯಾನಾಸೋನಿಕ್. ಅದೇ 10 ಮೆಗಾಪಿಕ್ಸೆಲ್, ಅದೇ 24-60 ಲೆನ್ಸು, ಅದೇ ಎಫ್ 2. ನನ್ನ ಕ್ಯಾಮೆರಾದ ಲೆನ್ಸಿನ ಸುತ್ತಲೂ ಲೈಕಾ ಹೆಸರಿದೆ, ಸಣ್ಣಕ್ಷರದಲ್ಲಿ. 2001ರಿಂದ ಎರಡೂ ಕಂಪನಿಗಳಿಗೆ ನೆಂಟಸ್ತನ. ನನ್ನದರಲ್ಲಿ ಬೆರಳು ಊರುವುದಕ್ಕೆ ಸಣ್ಣ ಉಬ್ಬು ಇತ್ತು, ಅವನದರಲ್ಲಿ ಅದನ್ನು ಹೆರೆದು ನುಣ್ಣಗೆ ಮಾಡಿದ್ದರು. ಡಬ್ಬದಲ್ಲಿ ಬೇರೆ ಸಾಫ್ಟ್‌ವೇರ್ ಇತ್ತು. ಬೊಟ್ಟು ಇತ್ತು. ಇಷ್ಟಕ್ಕೆ ನೂರಾರು ಡಾಲರ್ ಜಾಸ್ತಿ.

"ಜರ್ಮನ್ ಇಂಜಿನಿಯರಿಂಗ್ ಭಾವ" ಅಂದ. ಕ್ಯಾಮೆರಾ ತಿರುಗಿಸಿ ತಳ ತೋರಿಸಿದೆ. ಮೇಡ್ ಇನ್ ಜಪಾನ್ ಅಂತ ಇತ್ತು.

"ಅದು ಬಾಡಿ. ಬಣ್ಣ ಜರ್ಮನಿಯದು."

ಇದರಲ್ಲಿ ಒಂದು ಚಿಟಿಕೆ ನಿಜ ಇದೆ, ಒಪ್ಪುತ್ತೇನೆ. ಬೆಳಕು ಹಿಡಿಯುವ ಸೆನ್ಸರ್‌ನಿಂದ ಬಂದದ್ದನ್ನು ಜೆಪೆಗ್, ಅಂದರೆ ಮಾಮೂಲಿ ಫೋಟೋ ಫೈಲು, ಮಾಡುವಾಗ ಬಣ್ಣ ಎಷ್ಟು, ಹರಿತ ಎಷ್ಟು, ಕಾಳುಕಾಳನ್ನು ಎಷ್ಟು ಒರೆಸಬೇಕು ಅನ್ನುವುದನ್ನು ಲೈಕಾದವರು ತಮ್ಮ ರುಚಿಗೆ ಹದ ಮಾಡಿಕೊಂಡಿದ್ದರು. ಒಂದೇ ಹಿಟ್ಟು, ಅವರ ದೋಸೆಗೆ ಸ್ವಲ್ಪ ಬೇರೆ ಉಪ್ಪು. ಆದರೆ ಷಡ್ಡಕ ಜೆಪೆಗ್ ಮುಟ್ಟುವವನಲ್ಲ. ಅವನು ರಾ ಫೈಲಿನ ಮನುಷ್ಯ. ಅದು ಉಪ್ಪು ಹಾಕುವ ಮೊದಲಿನ ಹಿಟ್ಟು. ನನ್ನ ರಾ ಫೈಲಿನ ಕೊನೆಗೆ ಆರ್‌ಡಬ್ಲ್ಯೂ2 ಅಂತ ಇರುತ್ತದೆ, ಅವನದರ ಕೊನೆಗೆ ಆರ್‌ಡಬ್ಲ್ಯೂಎಲ್. ಆ ಎಲ್ ಅಕ್ಷರದಲ್ಲೇ ಇಡೀ ಜರ್ಮನಿ.

ಸಂಜೆ ಪರೀಕ್ಷೆ ಶುರುವಾಯಿತು. ಮನೆ ತುಂಬ ಜನ. ನಾದಿನಿ ಹೊಸ ಸೀರೆ ಉಟ್ಟಿದ್ದಳು, ಮಾವನವರು ಅಪರೂಪಕ್ಕೆ ನಗುತ್ತಿದ್ದರು. ನಾವಿಬ್ಬರೂ ತಾರಸಿಗೆ ಹೋಗಿ ಎದುರು ಮನೆಯ ಸಿಮೆಂಟ್ ಬಳಿಯದ ಇಟ್ಟಿಗೆ ಗೋಡೆಯ ಫೋಟೋ ತೆಗೆದೆವು. ಇಪ್ಪತ್ತೆರಡು. ಈ ಬಗೆಯ ಹೋಲಿಕೆಗೆ ಲೋಕದಲ್ಲೆಲ್ಲ ಇಟ್ಟಿಗೆ ಗೋಡೆಯೇ ಆಗಬೇಕು. ಇಲ್ಲವಾದರೆ ಬೆಕ್ಕಿನ ಮೀಸೆ. ಆಮೇಲೆ ದೇವರ ಮನೆಯ ಕತ್ತಲಲ್ಲಿ ಐಎಸ್‌ಒ 800 ಇಟ್ಟು ಗಂಟೆಯ ಫೋಟೋ. ಅಲ್ಲಿ ನನ್ನ ಹೆಂಡತಿ ದೀಪ ಹಚ್ಚಲು ಬಂದಾಗ ಷಡ್ಡಕ, "ಒಂದ್ನಿಮಿಷ ಅತ್ತಿಗೆ, ಬೆಳಕು ಬದಲಾಗುತ್ತೆ" ಅಂದ.

ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಜೂಮ್ ಮಾಡಿ ಇಟ್ಟಿಗೆಯ ಒಂದು ಮೂಲೆ ನೋಡಿದೆವು. ನನ್ನ ಮಾನಿಟರ್ 1366ಕ್ಕೆ 768. ಗುಣಿಸಿದರೆ ಒಂದು ಮೆಗಾಪಿಕ್ಸೆಲ್‌ಗಿಂತ ಚೂರು ಜಾಸ್ತಿ. 4ಕ್ಕೆ 6 ಇಂಚಿನ ಫೋಟೋ ಚೆನ್ನಾಗಿ ಪ್ರಿಂಟ್ ಹಾಕಿಸಲು ಎರಡು ಮೆಗಾಪಿಕ್ಸೆಲ್ ಸಾಕು. ಮಿಕ್ಕ ಎಂಟಕ್ಕಾಗಿ ನಾವು ರಾತ್ರಿ ಊಟ ತಡ ಮಾಡಿದೆವು.

"ನೋಡಿ ಭಾವ, ಈ ನೆರಳಿನಲ್ಲಿ ಒಂದು ಆಳ ಇದೆ."

"ಎಲ್ಲಿ?"

"ಗಂಟೆ ಕೆಳಗೆ. ಮೈಕ್ರೋ ಕಾಂಟ್ರಾಸ್ಟ್ ಅಂತಾರೆ. ಹೇಳಿ ಬರೋದಲ್ಲ, ಅನುಭವಕ್ಕೆ ಬರಬೇಕು."

"ಅದು ನನ್ನ ಫೋಲ್ಡರ್."

ಅವನು ಚಿತ್ರವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. "ಹೂಂ, ಅದಕ್ಕೇ ಎಲ್ಲೋ ಸಪ್ಪೆ ಅನ್ನಿಸ್ತಿತ್ತು."

ಸೆನ್ಸರ್ ಅಳತೆ 1/1.63 ಇಂಚು ಅಂತ ಇಬ್ಬರೂ ಗಂಭೀರವಾಗಿ ಮಾತಾಡಿಕೊಂಡೆವು. ಆ ಇಂಚು ಯಾವ ಸ್ಕೇಲಿನಲ್ಲೂ ಇಲ್ಲ. ಹಳೇ ಟಿವಿ ಕ್ಯಾಮೆರಾಗಳ ಗಾಜಿನ ಟ್ಯೂಬ್ ಕಾಲದ ಲೆಕ್ಕ ಅದು, ಟ್ಯೂಬಿನ ಹೊರಗಿನ ಗಾಜನ್ನೂ ಸೇರಿಸಿ ಅಗಲ ಹೇಳುತ್ತಿದ್ದರು. ಟ್ಯೂಬ್ ಹೋಯಿತು, ಲೆಕ್ಕ ಉಳಿಯಿತು. ನಿಜವಾಗಿ ಅಳೆದರೆ ಆ ಸೆನ್ಸರ್ ಮೂಲೆಯಿಂದ ಮೂಲೆಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ನಮ್ಮ ತರಕಾರಿಯವನು ಈ ತಕ್ಕಡಿ ಇಟ್ಟಿದ್ದರೆ ಬೀದಿಯವರೆಲ್ಲ ಸೇರಿ ಕೇಳುತ್ತಿದ್ದರು.

ಷಡ್ಡಕ ಒಬ್ಬನೇ ಆಗಿದ್ದರೆ ಮನೆ ಮಾತು ಅಂತ ಬಿಡಬಹುದಿತ್ತು. ಇದು ಕೆಲವು ವರ್ಷಕ್ಕೊಮ್ಮೆ ಮತ್ತೆ ಮತ್ತೆ ನಡೆದ ಜಾತ್ರೆ. 2010ರಲ್ಲಿ ಎಲ್‌ಎಕ್ಸ್5ಕ್ಕೆ ಜೋಡಿಯಾಗಿ ಡಿ-ಲಕ್ಸ್ 5. 2012ರಲ್ಲಿ ಎಲ್‌ಎಕ್ಸ್7ಕ್ಕೆ ಡಿ-ಲಕ್ಸ್ 6. 2018ರಲ್ಲಿ ಎಲ್‌ಎಕ್ಸ್100 ಎರಡನೇ ಅವತಾರ 1000 ಡಾಲರಿಗೆ ಬಂತು, ಅದರ ಬೊಟ್ಟಿಟ್ಟ ಅಕ್ಕ ಡಿ-ಲಕ್ಸ್ 7 ಬಂದದ್ದು 1195 ಡಾಲರಿಗೆ. ಪ್ರತಿ ಸಲವೂ ಪ್ರಪಂಚದ ಮೂಲೆಮೂಲೆಯಲ್ಲಿ ಜನ ಎರಡನ್ನೂ ಅಕ್ಕಪಕ್ಕ ಇಟ್ಟು, ಗೋಡೆಯ ಫೋಟೋ ತೆಗೆದು, ಒಂದೇ ಸೆನ್ಸರ್ ತನ್ನ ಜೊತೆ ತಾನೇ ಹೇಗೆ ಸೋತಿತು ಅಂತ ವರದಿ ಒಪ್ಪಿಸಿದರು.

1925ರಲ್ಲಿ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಂಪನಿ ಮೊದಲ ಲೈಕಾ ಮಾರಾಟಕ್ಕೆ ಇಟ್ಟಾಗ ಅದರ ಹೆಚ್ಚುಗಾರಿಕೆಯೇ ಕಣ್ಣಿಗೆ ಬೀಳದಷ್ಟು ಚಿಕ್ಕದು ಅನ್ನುವುದು. 1948ರಲ್ಲಿ ಗಾಂಧೀಜಿಯ ಕೊನೆಯ ದಿನಗಳ ಚಿತ್ರ ತೆಗೆದ ಹೆನ್ರಿ ಕಾರ್ಟಿಯರ್-ಬ್ರೆಸಾನ್, ಯಾರಿಗೂ ಗೊತ್ತಾಗಬಾರದು ಅಂತ ತನ್ನ ಲೈಕಾದ ಮಿರುಗುವ ಭಾಗಕ್ಕೆ ಕಪ್ಪು ಟೇಪು ಸುತ್ತಿಕೊಂಡು ಓಡಾಡುತ್ತಿದ್ದ. ನಮ್ಮವನು ಊಟದ ಟೇಬಲ್ ಮೇಲೂ ಬೊಟ್ಟು ಅತಿಥಿಗಳ ಕಡೆಗೆ ಬರುವ ಹಾಗೆ ತಿರುಗಿಸಿ ಇಡುತ್ತಿದ್ದ.

ಲೈಕಾದವರು ಇದನ್ನೂ ಬಿಡಲಿಲ್ಲ. 2018ರಲ್ಲಿ ತಮ್ಮ ದೊಡ್ಡ ಕ್ಯಾಮೆರಾ ಎಂ10ರಿಂದ ಕೆಂಪು ಬೊಟ್ಟು ತೆಗೆದುಹಾಕಿ, ಶಟರ್ ಸದ್ದು ತಗ್ಗಿಸಿ, ಟಚ್‌ಸ್ಕ್ರೀನ್ ಕೊಟ್ಟು, ಎಂ10-ಪಿ ಅಂತ ತಂದರು. ಅದಕ್ಕೆ ಎಂ10ಗಿಂತ ಬೆಲೆ ಜಾಸ್ತಿ. ಅಂದರೆ ಬೊಟ್ಟು ಇಡಿಸಿಕೊಳ್ಳಲು ಒಂದು ರೇಟು, ಅಳಿಸಿಕೊಳ್ಳಲು ಇನ್ನೊಂದು. ನಮ್ಮ ಕಡೆ ಮದುವೆ ಛತ್ರದವರಿಗೂ ಈ ಐಡಿಯಾ ಹೊಳೆದಿಲ್ಲ.

ಆಮೇಲೊಂದು ನಾಮಕರಣಕ್ಕೆ ನಾನು ಹೆಂಡತಿಯ ಸ್ಟಿಕ್ಕರ್ ಬೊಟ್ಟು ತೆಗೆದು ಪ್ಯಾನಾಸೋನಿಕ್ ಹಣೆಗೆ ಅಂಟಿಸಿಕೊಂಡು ಹೋದೆ. ಮೆರೂನ್ ಬಣ್ಣ, ಕೆಳಗಡೆ ಸಣ್ಣ ಹರಳು ಬೇರೆ. ಆದರೂ ಷಡ್ಡಕನ ಆಫೀಸಿನ ಇಬ್ಬರು ಹತ್ತಿರ ಬಂದು, "ಯಾವ ಮಾಡೆಲ್ ಸಾರ್?" ಅಂತ ಮೆತ್ತಗೆ ಕೇಳಿದರು. ಹರಳಿನ ವಿಷಯ ಇಬ್ಬರೂ ಎತ್ತಲಿಲ್ಲ. ಲಿಮಿಟೆಡ್ ಎಡಿಷನ್ ಅಂದುಕೊಂಡಿರಬೇಕು.

ಈಗ ಎರಡೂ ಕ್ಯಾಮೆರಾ ಮೂಲೆ ಸೇರಿವೆ. ಫೋಟೋ ಏನಿದ್ದರೂ ಫೋನಿನಲ್ಲಿ. ಷಡ್ಡಕನ ಫೋನಿನ ಬೆನ್ನಿನಲ್ಲೂ ಲೈಕಾ ಅಂತ ಬರೆದಿದೆ, ಅದು ಬೇರೆ ಮಾತು. ಆ 2009ರ ಸಂಜೆ ಮಾವನವರು ನಕ್ಕದ್ದು ಎರಡು ಕ್ಯಾಮೆರಾದಲ್ಲೂ ಇಲ್ಲ. ಇಟ್ಟಿಗೆ ಗೋಡೆ ಇದೆ, ಇಪ್ಪತ್ತೆರಡು ಕೋನದಲ್ಲಿ.

ಹೋದ ಆಯುಧಪೂಜೆಗೆ ಅವನು ಕ್ಯಾಮೆರಾ ಸಮೇತ ನಮ್ಮ ಮನೆಗೇ ಬಂದಿದ್ದ. ಮಿಕ್ಸಿ, ಸ್ಕ್ರೂಡ್ರೈವರ್, ಈಳಿಗೆಮಣೆ, ಲ್ಯಾಪ್‌ಟಾಪ್, ಕೊನೆಯಲ್ಲಿ ಎರಡು ಕ್ಯಾಮೆರಾ ಸಾಲಾಗಿ ಇಟ್ಟಿದ್ದೆವು. ಹೆಂಡತಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಒಂದೊಂದಕ್ಕೇ ಹಚ್ಚುತ್ತ ಬಂದಳು. ನನ್ನ ಪ್ಯಾನಾಸೋನಿಕ್‌ಗೆ ಹಚ್ಚಿದಳು. ಪಕ್ಕದ್ದಕ್ಕೆ ಬೆರಳು ಹೋಗುತ್ತಿದ್ದ ಹಾಗೇ ಷಡ್ಡಕ ಕೈ ಅಡ್ಡ ಹಿಡಿದ.

"ಇದಕ್ಕೆ ಬೇಡ ಅತ್ತಿಗೆ. ಆಗಲೇ ಇದೆ."