ಸ್ವಲ್ಪ ಆ ಚಾಕು ಕೊಡಿ

ಮುಹೂರ್ತಕ್ಕೆ ಇನ್ನು ಹತ್ತೇ ನಿಮಿಷ. ಹೊಸ ಅಂಗಿಯ ಕಾಲರಿನೊಳಗೆ ಬೆಲೆಚೀಟಿಯ ಪ್ಲಾಸ್ಟಿಕ್ ದಾರ ಚುಚ್ಚುತ್ತಿದೆ, ಹಾರದ ಬುಟ್ಟಿಗೆ ಬಿಗಿದ ಹುರಿ ಬಿಚ್ಚುತ್ತಿಲ್ಲ, ತಾಂಬೂಲದ ಚೀಲಗಳಿರುವ ರಟ್ಟಿನ ಡಬ್ಬಕ್ಕೆ ಸುತ್ತಿದ ಟೇಪಿನ ತುದಿ ಯಾರ ಉಗುರಿಗೂ ಸಿಗುತ್ತಿಲ್ಲ. ಛತ್ರದ ಮೂಲೆಮೂಲೆಯಿಂದ ಒಂದೇ ಕೂಗು: "ಕತ್ತರಿ ಎಲ್ಲಿ?" ಲಕ್ಷಗಟ್ಟಲೆ ಖರ್ಚಿನ ಮದುವೆಯಲ್ಲಿ ಕತ್ತರಿ ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಆಗ ಯಾರೋ ಒಬ್ಬರು ಜೇಬಿನಿಂದ ಪುಟ್ಟ ಮಡಚುವ ಚಾಕು ತೆಗೆಯುತ್ತಾರೆ. ದೊಡ್ಡಮ್ಮ ಎದೆ ಮುಟ್ಟಿಕೊಳ್ಳುತ್ತಾರೆ: "ಅಯ್ಯೋ ಶಿವನೇ, ಶುಭಕಾರ್ಯಕ್ಕೆ ಚೂರಿ ಇಟ್ಕೊಂಡು ಬಂದಿದೀಯೇನೋ!" ಮಾತು ಮುಗಿಯುವ ಮುಂಚೆಯೇ ಅವರ ಕೈ ಮುಂದೆ ಬಂದಿರುತ್ತದೆ. "ಇರ್ಲಿ, ಸ್ವಲ್ಪ ಕೊಡಿಲ್ಲಿ."

ಹಾಗಾಗಿ ಇಸ್ತ್ರಿ ಬಟ್ಟೆಯ ಜೊತೆ ಒಯ್ಯುವ ಚಾಕು ಆರಿಸುವಾಗ ಕೊಳ್ಳುವವರ ಅಭಿರುಚಿಗೆ ಕೊನೆಯ ಸ್ಥಾನ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದವರು ಇಬ್ಬರು: ನೋಡಿ ಹೆದರುವ ದೊಡ್ಡಮ್ಮ, ಇಸ್ಕೊಂಡು ಹಾಳು ಮಾಡುವ ಭಾವ.

ದೊಡ್ಡಮ್ಮನ ವಿಚಾರ ಸುಲಭ. ಅಲಗು 5 ಸೆಂಟಿಮೀಟರಿಗಿಂತ ಚಿಕ್ಕದಿರಲಿ. ಕಪ್ಪು ಬಣ್ಣ, ಗರಗಸದ ಹಲ್ಲು, ಹೆಬ್ಬೆರಳು ಒತ್ತಿದೊಡನೆ 'ಟಕ್' ಎಂದು ಚಿಮ್ಮುವ ಕರಾಮತ್ತು ಬೇಡವೇ ಬೇಡ. ಆ ಸದ್ದಿಗೆ ಪುರೋಹಿತರೂ ಮಂತ್ರ ನಿಲ್ಲಿಸಿ ನೋಡುತ್ತಾರೆ. ಅಲಗಿನ ಮೇಲಿನ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ, ಎರಡೂ ಕೈಯಲ್ಲಿ ನಿಧಾನವಾಗಿ ತೆರೆಯುವ ಹಳೇ ಮಾದರಿಯೇ ಸರಿ. ಅದಕ್ಕೆ ಬೀಗ ಇರುವುದಿಲ್ಲ. ಹಿಡಿಯ ಬೆನ್ನಿಗಿರುವ ಉಕ್ಕಿನ ಪಟ್ಟಿ ಸ್ಪ್ರಿಂಗಿನ ಹಾಗೆ ಒತ್ತಿ ಅಲಗನ್ನು ನಿಲ್ಲಿಸುತ್ತದೆ. ಕತ್ತರಿ ಕೂಡ ಇರುವ ಚಾಕು ಇನ್ನೂ ಒಳ್ಳೆಯದು. ಚಾಕುವಿಗೆ ಹೆದರುವವರು ಅದರ ಪಕ್ಕದಲ್ಲೇ ಮಡಚಿ ಕೂತ ಕತ್ತರಿಗೆ ಹೆದರುವುದಿಲ್ಲ. ಯಾಕೋ ದೇವರಿಗೇ ಗೊತ್ತು.

ಕೊಳ್ಳುವಾಗ ನಾಲ್ಕಾರು ಸಲ ತೆರೆದು ಮುಚ್ಚಿ ನೋಡಬೇಕು. ಉಗುರು ಕಿತ್ತು ಬರುವಷ್ಟು ಬಿಗಿ ಇದ್ದರೆ ಬೇಡ, ಅಲುಗಾಡಿಸಿದರೆ ತಾನೇ ತೆರೆದುಕೊಳ್ಳುವಷ್ಟು ಸಡಿಲವಂತೂ ಬೇಡವೇ ಬೇಡ. ಪೂರ್ತಿ ತೆರೆದು ಅಲಗಿನ ಬೆನ್ನು ಹಿಡಿದು ಅತ್ತಿತ್ತ ಆಡಿಸಿದಾಗ ಕದಲಬಾರದು. ಮುಚ್ಚಿದಾಗ ಧಾರೆ ಒಳಗಿನ ಪಟ್ಟಿಗೆ ತಾಕುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ತಾಕಿದರೆ ಪ್ರತಿ ಸಲ ಮುಚ್ಚುವಾಗಲೂ ಅದೇ ಜಾಗ ಮೊಂಡಾಗುತ್ತದೆ, ಎಷ್ಟು ಸಾಣೆ ಹಿಡಿದರೂ ಅಷ್ಟೇ. ಅಂಗಡಿಯವರು ಚೆಂದದ ಮರದ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ ಮಲಗಿಸಿ ಕೊಡುವ 'ಉಡುಗೊರೆ' ಚಾಕುಗಳಲ್ಲಿ ಇಂಥವೇ ಹೆಚ್ಚು. ಪೆಟ್ಟಿಗೆ ಚೆನ್ನಾಗಿರುತ್ತದೆ.

ಇನ್ನು ತೂಕ. 50 ಗ್ರಾಂ ದಾಟಿದರೆ ತೆಳು ಬಟ್ಟೆಯ ಪ್ಯಾಂಟು ಒಂದು ಕಡೆಗೆ ಜಗ್ಗುತ್ತದೆ. ದಪ್ಪ ಒಂದು ಸೆಂಟಿಮೀಟರು ಮೀರಿದರೆ ಫೋಟೋದಲ್ಲಿ ತೊಡೆಯ ಮೇಲೆ ಗಂಟು ಕಾಣುತ್ತದೆ. ಬೀಗದಕೈ ಜೊತೆ ಹಾಕಿದರೆ ಹಿಡಿಯೆಲ್ಲ ಗೀರು. ಚರ್ಮದ ಸಣ್ಣ ಚೀಲದಲ್ಲಿಟ್ಟರೆ ಗೀರೂ ಇಲ್ಲ, ಅಡ್ಡ ತಿರುಗುವುದೂ ಇಲ್ಲ. ಪಂಚೆ ಉಟ್ಟವರ ಪಾಡು ಬೇರೆ. ಇರುವುದೊಂದೇ ಅಂಗಿ ಜೇಬು. ಹಿರಿಯರ ಕಾಲಿಗೆ ಬಗ್ಗಿದಾಗ ಚಾಕು ಜಾರಿ ಸೀದಾ ತಾತನ ಪಾದದ ಮುಂದೆ ಬೀಳುತ್ತದೆ. ದೀರ್ಘಾಯುಷ್ಮಾನ್ ಭವ ಅನ್ನಲು ತಾತ ಹಿಂದೆಮುಂದೆ ನೋಡಿದರೆ ತಪ್ಪೇನಿಲ್ಲ. ಜುಬ್ಬಾದ ಪಕ್ಕದ ಜೇಬು ಆಳವಾದ್ದರಿಂದ ಅದೇ ಕ್ಷೇಮ.

ಈಗ ಭಾವ. ಪ್ರತಿ ಮದುವೆಯಲ್ಲೂ ಒಬ್ಬರು ಇರುತ್ತಾರೆ. "ಸ್ವಲ್ಪ ಆ ಚಾಕು ಕೊಡಿ" ಅಂತ ಇಸ್ಕೊಂಡವರು ಮೊದಲು ಟೇಪು ಕತ್ತರಿಸುತ್ತಾರೆ, ಅಲ್ಲಿಗೆ ನ್ಯಾಯವಾದ ಕೆಲಸ ಮುಗಿಯಿತು. ಆಮೇಲೆ ಮೈಕಿನ ಸ್ಕ್ರೂ ತಿರುಗಿಸುವುದು ಅಲಗಿನ ತುದಿಯಲ್ಲಿ, ತುಪ್ಪದ ಡಬ್ಬಿಯ ಮುಚ್ಚಳ ಮೀಟುವುದೂ ಅದರಲ್ಲೇ. ಇಂಥ ಅಲಗಿನ ಬೆನ್ನೇ ಹೆಚ್ಚೆಂದರೆ 2 ಮಿಲಿಮೀಟರು ದಪ್ಪ, ತುದಿಗೆ ಹೋಗುತ್ತ ಕಾಗದದಷ್ಟು ತೆಳು. ಕೊಯ್ಯಲೆಂದು ಗಡಸು ಮಾಡಿದ ಉಕ್ಕು ಅಡ್ಡ ಒತ್ತಡಕ್ಕೆ ಬಾಗುವುದಿಲ್ಲ, ಸೀದಾ ಮುರಿಯುತ್ತದೆ. ಚುಚ್ಚಿ ಒತ್ತಿದರಂತೂ ಬೀಗವಿಲ್ಲದ ಅಲಗು ಅವರ ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ನಂತರ ಮೋಸಂಬಿ ಹೆಚ್ಚಿ, ಒರೆಸದೆ, ಅಂಟುರಸದ ಸಮೇತ ಮುಚ್ಚಿ ಕೊಡುತ್ತ ಒಂದು ಮಾತು: "ಏನ್ರೀ ಇದು, ಧಾರಾನೇ ಇಲ್ಲ!"

ಇಷ್ಟಾದರೆ ಕ್ಷಮಿಸಬಹುದು. ಅಸಲಿ ಕಥೆ ಊಟದ ನಂತರ. ವಿಕ್ಟೋರಿನಾಕ್ಸ್ ಕಂಪನಿಯ ಕೆಂಪು ಹಿಡಿಯ ಕ್ಲಾಸಿಕ್ ಎಸ್‌ಡಿ ಎಂಬ 58 ಮಿಲಿಮೀಟರಿನ ಚಾಕು ಎಲ್ಲರಿಗೂ ಪರಿಚಿತ. ಒಂದು ಅಲಗು, ಕತ್ತರಿ, ಉಗುರು ಉಜ್ಜುವ ಅರ, ಹಿಡಿಯೊಳಗೆ ಒಂದು ಚಿಮಟ. ಮತ್ತು ಒಂದು ಹಲ್ಲುಕಡ್ಡಿ. ಅದರ ಪ್ಲಾಸ್ಟಿಕ್ ತುದಿ ಹಿಡಿಯ ಅಂಚಿನಲ್ಲಿ ತುಸುವೇ ಇಣುಕುತ್ತಿರುತ್ತದೆ. ಭಾವನ ಕಣ್ಣಿಗೆ ಅದು ಬೀಳುವುದು ಹೋಳಿಗೆ, ಚಿತ್ರಾನ್ನ, ಅಂಬೊಡೆ ಎಲ್ಲ ಮುಗಿಸಿ ಎಲೆಯಡಿಕೆ ಜಗಿಯುವ ಹೊತ್ತಿಗೆ. "ಓಹೋ, ಇದೂ ಇದೆಯಾ!" ಎಳೆದರು. ಬಲ ದವಡೆ ಆಯಿತು, ಎಡ ದವಡೆ ಆಯಿತು, ನಡುವೆ ಬೀಗರ ಜೊತೆ ಜಮೀನಿನ ಮಾತೂ ಆಯಿತು. ಪಕ್ಕದ ಕುರ್ಚಿಯವರು ಕೇಳಿದರೆ ಅವರಿಗೂ ಒಮ್ಮೆ ಕೊಟ್ಟು ಉಪಕಾರ ಮಾಡುತ್ತಾರೆ. ಕೊನೆಗೆ ಪಂಚೆಯ ಅಂಚಿಗೆ ಸವರಿ, ಎಲ್ಲಿಂದ ತೆಗೆದರೋ ಅಲ್ಲಿಗೇ, ಶ್ರದ್ಧೆಯಿಂದ ಸೇರಿಸಿ "ತಗೊಳ್ಳಿ, ಭದ್ರವಾಗಿದೆ" ಎನ್ನುತ್ತಾರೆ. ಹೌದು, ಭದ್ರವಾಗಿಯೇ ಇರುತ್ತದೆ.

ಈ ಕಡ್ಡಿ ಬಿಡಿಯಾಗಿ ಕೊಳ್ಳಲು ಸಿಗುತ್ತದೆ ಎಂಬುದು ಸಮಾಧಾನ. ಅದಕ್ಕಿಂತ ಒಳ್ಳೆಯ ದಾರಿ ಅದೇ ಚಾಕುವಿನ ಆಲಾಕ್ಸ್ ರೂಪ. ಹಿಡಿ ಅಲ್ಯೂಮಿನಿಯಂ, ತೂಕ 17 ಗ್ರಾಮಿನ ಆಸುಪಾಸು, ಕೆಂಪು ಹಿಡಿಯದಕ್ಕಿಂತ ತೆಳು. ಹಿಡಿಯಲ್ಲಿ ಚಿಮಟವೂ ಇಲ್ಲ, ಕಡ್ಡಿಯೂ ಇಲ್ಲ. ಕಂಪನಿಯವರು ಯಾವ ಕಾರಣಕ್ಕೆ ಬಿಟ್ಟರೋ, ಮದುವೆಮನೆಗೆ ಹೇಳಿ ಮಾಡಿಸಿದಂತಿದೆ.

ಮರದ ಹಿಡಿಯ ಮೋಹ ಇದ್ದವರಿಗೆ ಫ್ರಾನ್ಸಿನ ಸವಾಯ್ ಸೀಮೆಯ ಒಪಿನೆಲ್ ಇದೆ. ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ್ದು. 6ನೇ ನಂಬರಿನ ಅಳತೆಯದರ ಅಲಗು 7 ಸೆಂಟಿಮೀಟರು, ದೊಡ್ಡಮ್ಮನ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿಯೇ. ಕಾರ್ಬನ್ ಉಕ್ಕಿನದಾದರೆ ಮೋಸಂಬಿ ರಸಕ್ಕೆ ಕಪ್ಪಾಗುತ್ತದೆ, ಮಂಗಳೂರಿನ ಬೆವರಿಗೆ ತುಕ್ಕು ಹಿಡಿಯುತ್ತದೆ; ಸ್ಟೇನ್‌ಲೆಸ್ ತಗೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಸಿಕ್ಕಿಕೊಳ್ಳುವುದೂ ಉಂಟು. ಆಗ ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿದರೆ ಅಲಗು ಒಂಚೂರು ಹೊರಗೆ ಬರುತ್ತದೆ. ಸಭೆಯಲ್ಲಿ ಕೂತು ಹಾಗೆ ಕುಟ್ಟುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

ಚಾಕು ಕಂಡರೆ ಬೆಚ್ಚುವ ಈ ಚಾಳಿ ನಮಗೆ ಯಾವಾಗ ಬಂತೋ. ಕೊಡಗಿನ ಮದುವೆಯಲ್ಲಿ ಕುಪ್ಯ ಎಂಬ ನಿಲುವಂಗಿ ತೊಟ್ಟು, ಚೇಲೆ ಎಂಬ ಸೊಂಟಪಟ್ಟಿ ಕಟ್ಟಿದ ಮೇಲೆ, ಮುಂದುಗಡೆ ಪೀಚೆಕತ್ತಿ ಎಂಬ ಕಿರುಗತ್ತಿ ಸಿಕ್ಕಿಸದಿದ್ದರೆ ಉಡುಪೇ ಪೂರ್ತಿಯಾಗುವುದಿಲ್ಲ. ಹಳೆಯ ಪೀಚೆಕತ್ತಿಗಳ ಬೆಳ್ಳಿ ಸರಪಳಿಗೆ ಚಿಮಟ, ಕಿವಿ ತೆಗೆಯುವ ಕಡ್ಡಿ ನೇತಾಡುವುದೂ ಉಂಟು. ಅಂದರೆ ಭಾವಂದಿರು ಅಲ್ಲೂ ಇದ್ದರು. ಬಯಲುಸೀಮೆಯ ಅಜ್ಜಂದಿರ ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಅಡಕತ್ತರಿ, ಕೆಲವರಲ್ಲಿ ಗಿಡ್ಡ ಚಾಕುವೂ ಇರುತ್ತಿತ್ತು. ಮೊಮ್ಮಕ್ಕಳಿಗೆ ಪೆನ್ಸಿಲ್ ಚೂಪು ಮಾಡಿ, ಅದರಲ್ಲೇ ಪೇರಲೆ ಹೋಳು ಮಾಡಿ ಹಂಚುತ್ತಿದ್ದರು. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಆ ಸಂಚಿಗಳೂ ಇಲ್ಲ, ನಿಧಾನವಾಗಿ ಹೋಳು ಮಾಡುವವರೂ ಇಲ್ಲ.

ಮದುವೆ ಪರವೂರಿನಲ್ಲಿದ್ದು ವಿಮಾನದಲ್ಲಿ ಹೋಗುವುದಾದರೆ ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕುವ ಪೆಟ್ಟಿಗೆಗೆ ಸೇರಿಸಿ. ಇಲ್ಲವಾದರೆ ತಪಾಸಣೆಯ ತೊಟ್ಟಿಯೇ ಅದರ ಗತಿ.

ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ತೆರೆದು ಮುಚ್ಚಿ ಮೋಸಂಬಿಯ ಅಂಟು ಬಿಡಿಸಿ, ಪೂರ್ತಿ ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ. ಧಾರೆಗೆ ನಯವಾದ ಕಲ್ಲಿನ ಮೇಲೆ ಪ್ರತಿ ಬದಿಗೂ ಸುಮಾರು 20 ಡಿಗ್ರಿ ಓರೆಯಲ್ಲಿ ನಾಲ್ಕೈದು ಎಳೆತ ಸಾಕು. ಚಕ್ರದ ಸಾಣೆಗೆ ಕೊಟ್ಟರೆ ಅರ್ಧ ಅಲಗು ಕಿಡಿಯಾಗಿ ಹಾರುತ್ತದೆ, ಉಳಿದರ್ಧದ ಗಡಸು ಬಿಸಿಗೆ ಹೋಗುತ್ತದೆ. ಎಣ್ಣೆ ಎಂದರೆ ಹೊಲಿಗೆ ಯಂತ್ರದ ಎಣ್ಣೆ. ನಮ್ಮಲ್ಲಿ ತಲೆಗೂ ಬಾಗಿಲ ತಿರುಗಣಿಗೂ ಒಂದೇ ಕೊಬ್ಬರಿ ಎಣ್ಣೆ ನಡೆಯುತ್ತದಾದರೂ ಚಾಕುವಿಗೆ ಅದು ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಅಲಗು ಜಪ್ಪಯ್ಯ ಅಂದರೂ ಸಲೀಸಾಗಿ ತೆರೆಯದು. ಅಷ್ಟರಲ್ಲಿ ಧನುರ್ಮಾಸ ಹಿಡಿದು ಮದುವೆಗಳು ನಿಂತಿರುತ್ತವೆ ಅನ್ನುವುದೊಂದೇ ಪುಣ್ಯ.